ಹೆಗಲಚೀಲ, ಗೆಳೆಯರು, ಗದುಗಿನ ಸೀಮೆ

ಉದ್ಯೋಗಕ್ಕೆ ಸೇರಿದ ಮೇಲೆ ಮೊದಲ ದೀರ್ಘ ರಜೆ ಕೈಗೆ ಬಂದೊಡನೆ, ಮೂರು ನಾಲ್ಕು ಜನ ಗೆಳೆಯರು ಕೂಡಿ, ಬೆನ್ನಿಗೊಂದು ಚೀಲವನ್ನು ಏರಿಸಿಕೊಂಡು, ಲಂಡನ್ನಿಗೋ ಆಮ್‌ಸ್ಟರ್‌ಡ್ಯಾಮಿಗೋ ಪ್ರಾಗ್ ಪಟ್ಟಣಕ್ಕೋ ಹೊರಟುಬಿಡುವುದು ನಮ್ಮ ತರುಣರಲ್ಲಿ ಈಗ ರೂಢಿಯಾಗುತ್ತಿದೆ. ಹಗಲೆಲ್ಲ ವಸ್ತುಸಂಗ್ರಹಾಲಯಗಳಲ್ಲಿ ಅಲೆದಾಟ, ಸಂಜೆ ಊರವರು ಕೂಡುವ ಪಬ್ಬುಗಳಲ್ಲಿ ವಿಶ್ರಾಂತಿ ಮತ್ತು ಹರಟೆ, ರಾತ್ರಿ ಅಗ್ಗದ ವಸತಿಯಲ್ಲಿ ನಿದ್ರೆ: ಇಂಥ ಪ್ರವಾಸದ ದಿನಚರಿ ಸ್ಥೂಲವಾಗಿ ಹೀಗಿರುತ್ತದೆ. ಹಿರಿಯರಲ್ಲಿ ಕೆಲವರು ಇದನ್ನು ದುಂದುಗಾರಿಕೆಯೆಂದು ಬಗೆಯುವರಾದರೂ ನನಗೆ ಹಾಗೆ ತೋರುವುದಿಲ್ಲ. 1753ರಲ್ಲಿ ಸ್ಥಾಪಿತವಾಗಿ 1759ರಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆದ ಬ್ರಿಟಿಷ್ ಮ್ಯೂಸಿಯಮ್ಮಿನಂಥ ಸಂಸ್ಥೆಯಲ್ಲಿ ಒಂದು ಹಗಲನ್ನು ಕಳೆದವನಿಗೆ ಮಾನವಕುಲದ ದೀರ್ಘ ಚರಿತ್ರೆಯ ಪರಿಚಯ ಅಲ್ಪಸ್ವಲ್ಪವಾದರೂ ಆಗದೆ ಇರದು. ಆ ಬಳಿಕ ಊರವರ ಮಧ್ಯೆ ಕುಳಿತು, ಅವರ ಮಾತು, ಅವರ ನಗು, ಅವರ ಜಗಳಗಳನ್ನು ಕಿವಿಯಾರೆ ಕೇಳಿದಾಗ, ಗಾಜಿನ ಪೆಟ್ಟಿಗೆಯೊಳಗೆ ಕಂಡ ವಸ್ತುಗಳಿಗೆಲ್ಲ ಜೀವ ತುಂಬಿದ ವಾರಸುದಾರರು ಯಾರೆಂಬುದೂ ತಿಳಿದುಬರುತ್ತದೆ.

ಪಶ್ಚಿಮದ ಪ್ರವಾಸವು ಕನ್ನಡಿಗರಿಗೆ ಹೊಸತೇನೂ ಅಲ್ಲ. ಲಕ್ಷ್ಮೇಶ್ವರಕ್ಕೆ ದೂರವಲ್ಲದ ಸವಣೂರಿನಲ್ಲಿ ಜನಿಸಿ ಆಕ್ಸ್‌ಫರ್ಡಿಗೆ ಓದಲು ತೆರಳಿದ ವಿನಾಯಕ ಕೃಷ್ಣ ಗೋಕಾಕರು ತಮ್ಮ ಅನುಭವಗಳನ್ನು ‘ಸಮುದ್ರದಾಚೆಯಿಂದ’ ಎಂಬ ಕೃತಿಯಲ್ಲಿ ಬರೆದಿಟ್ಟರು. ಶಿವರಾಮ ಕಾರಂತರು ಯುರೋಪನ್ನು ಸುತ್ತಿ ಬಂದು ‘ಅಪೂರ್ವ ಪಶ್ಚಿಮ’ವನ್ನು ರಚಿಸಿದರು. ಈ ಇಬ್ಬರೂ ಪರದೇಶವನ್ನು ಕಂಡದ್ದು ಸ್ವದೇಶದ ಗುಡಿ, ಗ್ರಂಥ, ಜನಜೀವನಗಳನ್ನು ಚೆನ್ನಾಗಿ ಬಲ್ಲವರ ಕಣ್ಣಿನಿಂದ. ಇಂದಿನ ತರುಣರಲ್ಲಿ ಬಹುಮಂದಿಗೆ ಈ ಪೂರ್ವಸಿದ್ಧತೆಯೊಂದು ಕೊರತೆಯಾಗಿದೆಯೆಂಬುದೇ ನನ್ನ ಖೇದ. ವಿದೇಶದ ಕಲಾಶಾಲೆಯಲ್ಲಿ ಒಂದು ಚಿತ್ರದ ಮುಂದೆ ಅರ್ಧ ಗಳಿಗೆ ನಿಲ್ಲಬಲ್ಲ ಹುಡುಗ, ಹುಬ್ಬಳ್ಳಿಯಿಂದ ಒಂದೂವರೆ ತಾಸಿನ ಪ್ರಯಾಣದಾಚೆಗಿರುವ ಗದುಗಿನ ಸರಸ್ವತಿಯ ಗುಡಿಯನ್ನು ಕಂಡಿರುವುದಿಲ್ಲ. ಆದುದರಿಂದ, ಗೆಳೆಯರೊಡನೆ ಚೀಲ ಹೊತ್ತು ತಿರುಗುವ ಅದೇ ಕ್ರಮವನ್ನು, ಅದೇ ಉತ್ಸಾಹವನ್ನು, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಗೆ ಅನ್ವಯಿಸಿ ನೋಡಬೇಕೆಂದು ಹೇಳುವುದೇ ಈ ಲೇಖನದ ಉದ್ದೇಶ. ನಾನೂ ನನ್ನ ಗೆಳೆಯರೂ ಹಾಗೆ ತಿರುಗಿದವರು. ಇಲ್ಲಿ ಬರೆಯುತ್ತಿರುವುದರಲ್ಲಿ ಬಹುಪಾಲು ಆ ತಿರುಗಾಟದ ಫಲ.

ಗದಗವು ರೈಲುಮಾರ್ಗಗಳು ಕೂಡುವ ಊರು. ಹುಬ್ಬಳ್ಳಿಯಿಂದ ಗುಂತಕಲ್ಲಿನ ಕಡೆಗೆ ಹೋಗುವ ದಾರಿಯೂ ವಿಜಯಪುರ, ಸೊಲ್ಲಾಪುರಗಳ ಕಡೆಗೆ ಹೋಗುವ ದಾರಿಯೂ ಇಲ್ಲಿ ಕವಲೊಡೆಯುತ್ತವೆ. ನಿಲ್ದಾಣದಲ್ಲಿ ಇಳಿದವನನ್ನು ಎದುರುಗೊಳ್ಳುವುದು ಕಾದ ಎಣ್ಣೆಯ ವಾಸನೆ. ಇಲ್ಲಿಯ ಬದನೆಕಾಯಿ ಬಜಿ ಪ್ರಯಾಣಿಕರಲ್ಲಿ ಪ್ರಸಿದ್ಧವಾದುದು. ಗಾಡಿ ನಿಂತಷ್ಟು ಹೊತ್ತಿನಲ್ಲಿ ಅದನ್ನು ಕೊಂಡು ತಿಂದವರು ಊರನ್ನು ಮರೆತರೂ ಬಜಿಯನ್ನು ಮರೆಯುವುದಿಲ್ಲ. ಅದರ ರುಚಿಯನ್ನು ನೋಡಿಕೊಂಡು, ಒಂದು ಕಪ್ಪು ಚಹಾ ಕುಡಿದು, ಚೀಲವನ್ನು ಹೆಗಲಿಗೇರಿಸಿ ಕಾಲ್ನಡಿಗೆಯಿಂದಲೇ ತ್ರಿಕೂಟೇಶ್ವರನ ಗುಡಿಗೆ ಹೋಗಬಹುದು.

ತ್ರಿಕೂಟೇಶ್ವರನ ಗರ್ಭಗೃಹದಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗಗಳಿವೆ. ಬ್ರಹ್ಮ, ವಿಷ್ಣು, ಮಹೇಶ್ವರರು ಇಲ್ಲಿ ಲಿಂಗರೂಪದಿಂದ ಒಂದೆಡೆ ನೆಲೆಸಿರುವರೆಂದು ಭಕ್ತರ ನಂಬುಗೆ. ಅದೇ ಪ್ರಾಕಾರದಲ್ಲಿರುವ ಸರಸ್ವತಿಯ ಗುಡಿ ಚಿಕ್ಕದು, ಕಲ್ಯಾಣ ಚಾಲುಕ್ಯರ ಕಾಲದ್ದು. ಪ್ರತಿಮೆಯು ಭಗ್ನವಾಗಿದ್ದರೂ ಅದರ ಕಾಂತಿ ಮಾಸಿಲ್ಲ. ಆದರೆ ಯಾವ ಆತುರವೂ ಇಲ್ಲದ ಪ್ರವಾಸಿಯು ಇಲ್ಲಿ ನಿಂತು ನೋಡತಕ್ಕದ್ದು ಕಂಬಗಳನ್ನು. ಹಳೆಯ ಮನೆಗಳಲ್ಲಿ ಕಂಡುಬರುತ್ತಿದ್ದ ಕಡೆದ ತೊಟ್ಟಿಲ ಕಾಲುಗಳಂತೆ, ಒಂದರ ಮೇಲೊಂದು ಬಳೆ, ಗಂಟೆ, ತಟ್ಟೆಗಳಾಗಿ ಕಲ್ಲು ಇಲ್ಲಿ ರೂಪುಗೊಂಡಿದೆ. ಕಂಬದ ಕಲ್ಲನ್ನು ತಿರುಗಿಸುತ್ತ, ಉಳಿಯನ್ನು ಅದಕ್ಕೆ ಒತ್ತಿಹಿಡಿದು ಕಡೆದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಗೆರೆಗಳ ಮೇಲೆ ಬೆರಳಿಡದೆ, ಕಣ್ಣನ್ನಷ್ಟೇ ಸಮೀಪಕ್ಕೆ ಒಯ್ದು ನೋಡಿದರೆ, ಒಂದು ಬಳೆಗೂ ಇನ್ನೊಂದಕ್ಕೂ ನಡುವಣ ಸಂದು ಆರಂಭದಿಂದ ಅಂತ್ಯದವರೆಗೆ ಒಂದೇ ಆಳದಲ್ಲಿ ಸುತ್ತಿ ಬಂದಿರುವುದು ಕಾಣುತ್ತದೆ. ಗೋಡೆಯ ಶಿಲ್ಪದಲ್ಲಿ ಕೈತಪ್ಪಿದರೆ ಒಂದು ಹೂವು ಕೆಡಬಹುದು. ಈ ಕಂಬದಲ್ಲಿ ತಪ್ಪಿದರೆ ಕಂಬವೇ ಕೆಟ್ಟಿತು.

ಊರಿನ ಇನ್ನೊಂದು ಭಾಗದಲ್ಲಿರುವ ವೀರನಾರಾಯಣನ ಗುಡಿಯನ್ನು ಹೊಯ್ಸಳ ವಿಷ್ಣುವರ್ಧನನು ಕಟ್ಟಿಸಿದನೆಂದು ಐತಿಹ್ಯ. ಮುಂದಣ ಗೋಪುರವು ವಿಜಯನಗರದ ಶೈಲಿಯದು. ಆದರೆ ಕನ್ನಡಿಗನು ಇಲ್ಲಿಗೆ ಬರುವುದು ಬಹುಮಟ್ಟಿಗೆ ಒಂದು ಕಂಬಕ್ಕಾಗಿ. ಕೋಳಿವಾಡದಿಂದ ಬಂದ ನಾರಣಪ್ಪನು, ಎಂದರೆ ಕುಮಾರವ್ಯಾಸನು, ಕೊಳದಲ್ಲಿ ಮಿಂದು, ಒದ್ದೆಬಟ್ಟೆಯಲ್ಲಿ ಈ ಕಂಬಕ್ಕೆ ಒರಗಿ ಕುಳಿತು, ಬಟ್ಟೆ ಆರುವವರೆಗೆ ಭಾರತವನ್ನು ಹೇಳುತ್ತಿದ್ದನೆಂದು ಗದುಗಿನ ಜನ ಹೇಳುತ್ತಾರೆ. ಐತಿಹ್ಯದ ಸತ್ಯಾಸತ್ಯತೆಯನ್ನು ಇತಿಹಾಸಕಾರರಿಗೆ ಬಿಡೋಣ. ‘ಕರ್ಣಾಟ ಭಾರತ ಕಥಾಮಂಜರಿ’ಯ ದೊರೆಯಾದ ವೀರನಾರಾಯಣನು ಇವನೇ ಎಂಬುದರಲ್ಲಿ ಸಂದೇಹವಿಲ್ಲವಷ್ಟೆ. ತ್ರಿಕೂಟೇಶ್ವರ, ವೀರನಾರಾಯಣ ದೇವಾಲಯಗಳೊಡನೆ ಊರಿನ ಜುಮ್ಮಾ ಮಸೀದಿಯೂ ಒಂದೇ ಆಡಳಿತ ಮಂಡಳಿಯ ವ್ಯವಸ್ಥೆಗೆ ಒಳಪಟ್ಟಿರುವ ಸಂಗತಿಯನ್ನು ನನ್ನ ಗೆಳೆಯರಲ್ಲೊಬ್ಬರು ಮೊದಲು ನಂಬಲಿಲ್ಲ. ಗುಡಿಯ ಹೊರಗೆ ಹೂವು ಮಾರುತ್ತಿದ್ದ ಹೆಂಗಸು, ಇದರಲ್ಲಿ ಆಶ್ಚರ್ಯಪಡುವುದಕ್ಕೆ ಏನಿದೆಯೆಂಬ ಧಾಟಿಯಲ್ಲಿ ಅವರಿಗೆ ತಿಳಿಸಿಹೇಳಿದಳು.

ಮಧ್ಯಾಹ್ನದ ಊಟಕ್ಕೆ ಖಾನಾವಳಿ. ಪಶ್ಚಿಮದ ಊರುಗಳಲ್ಲಿ ಪಬ್ಬು ಮಾಡುವ ಸಾಮಾಜಿಕ ಕಾರ್ಯವನ್ನು, ಮದ್ಯದ ಸೋಂಕಿಲ್ಲದೆ, ಈ ಸೀಮೆಯಲ್ಲಿ ಖಾನಾವಳಿಯೂ ಚಹಾದಂಗಡಿಯೂ ಮಾಡಿಕೊಂಡು ಬಂದಿವೆ. ಪೇಟೆಗೆ ಹೆಸರುಕಾಳು ತಂದ ಒಕ್ಕಲಿಗ, ಕೋರ್ಟಿನ ತಾರೀಖಿಗೆ ಬಂದ ಕಕ್ಷಿದಾರ, ಔಷಧದ ಕಂಪನಿಯ ಪ್ರತಿನಿಧಿ, ಕಾಲೇಜಿನ ಹುಡುಗರು, ಎಲ್ಲರೂ ಒಂದೇ ಬೆಂಚಿನ ಮೇಲೆ ಒತ್ತೊತ್ತಾಗಿ ಕುಳಿತುಕೊಳ್ಳುವ ಸ್ಥಳವದು. ತಾಟಿನಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಅದರ ಮೇಲೆ ಗಟ್ಟಿ ಮೊಸರು. ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಮೆಂತೆಯ ಸೊಪ್ಪು, ಸವತಿಕಾಯಿಯ ಹೋಳು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಊಟ ಮುಗಿಯುವವರೆಗೂ ನಿಲ್ಲುವುದಿಲ್ಲ. ಬಡಿಯುವವಳ ಅಂಗೈ ಹಿಟ್ಟನ್ನು ತಟ್ಟುತ್ತಿರುವಂತೆಯೇ ಅದನ್ನು ಒಂದಿಷ್ಟು ತಿರುಗಿಸಿರುತ್ತದೆ. ಹಂಚಿಗೆ ಹಾಕಿದ ಮೇಲೆ ನೀರು ಸವರಿದ ಬಟ್ಟೆ ಒಮ್ಮೆ ಮೇಲೆ ಆಡುತ್ತದೆ. ಅನಂತರ ಉರಿಗೆ ಒಡ್ಡಿದಾಗ ಅದು ಉಬ್ಬಿ ಬರುತ್ತದೆ.

“ಎಲ್ಲಿಂದ ಬಂದೀರಿ ತಮ್ಮಾ?” ಎಂದು ಬಡಿಸುವ ಅವ್ವ ಕೇಳುತ್ತಾಳೆ. “ಬೆಂಗಳೂರಿಂದ್ರಿ ಅವ್ವಾರ, ಗುಡಿ ನೋಡಾಕ ಬಂದೇವಿ.” “ಗುಡಿ ನೋಡಾಕ ಬಂದವರು ಅರ್ಧಾ ರೊಟ್ಟಿ ಉಂಡು ಏಳ್ತಾರೇನು? ಇನ್ನೊಂದು ಹಾಕ್ತೀನಿ ತಗೋರಿ.” ಅವಳ ಮಾತನ್ನು ಮೀರುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಲಕ್ಕುಂಡಿಯ ಬಸ್ಸು ಎಷ್ಟು ಹೊತ್ತಿಗೆ, ಡಂಬಳಕ್ಕೆ ಹೋಗುವುದಾದರೆ ಎಲ್ಲಿ ನಿಲ್ಲಬೇಕು, ಬೆಟಗೇರಿಯ ವೀರಗಲ್ಲುಗಳು ಯಾವ ಓಣಿಯಲ್ಲಿವೆ ಎಂಬಿವೇ ಮೊದಲಾದ ವಿವರಗಳನ್ನು ಯಾವ ಮಾರ್ಗದರ್ಶಿ ಪುಸ್ತಕವೂ ಆ ಬೆಂಚಿನಷ್ಟು ಖಚಿತವಾಗಿ ಹೇಳಲಾರದು.

ಬೆಟಗೇರಿಯು ನೇಕಾರರ ಊರು. ಗದಗಿನೊಡನೆ ಒಂದೇ ನಗರಸಭೆಯ ಆಡಳಿತಕ್ಕೆ ಸೇರಿದ್ದರೂ ಅದರ ಗತಿಯೇ ಬೇರೆ. ಮಗ್ಗದ ಸದ್ದನ್ನು ಅನುಸರಿಸಿ ಓಣಿಗಳಲ್ಲಿ ನಡೆದರೆ ಊರಿಗಾಗಿ, ದನಕರುಗಳಿಗಾಗಿ, ಒಡೆಯನಿಗಾಗಿ ಮಡಿದ ಅನಾಮಧೇಯರ ವೀರಗಲ್ಲುಗಳನ್ನು ನೋಡಬಹುದು. ಇಲ್ಲಿಗೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಾಸೆಲ್ ಮಿಷನ್ನಿನವರು ಬಂದು ನೆಲೆಸಿದರು; ಅವರ ಆಸ್ಪತ್ರೆಯನ್ನು ಜನ ಇಂದಿಗೂ ಜರ್ಮನ್ ಆಸ್ಪತ್ರೆಯೆಂದೇ ಕರೆಯುತ್ತಾರೆ.

ಸಂಜೆಯನ್ನು ವೀರೇಶ್ವರ ಪುಣ್ಯಾಶ್ರಮಕ್ಕೆ ಮೀಸಲಿಡಬೇಕು. ಹುಟ್ಟುಗುರುಡರಾಗಿದ್ದ ಪಂಚಾಕ್ಷರ ಗವಾಯಿಗಳು (1892–1944) ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಸಂಗೀತವನ್ನು ಕಲಿತು, ಅಂಧರಿಗೂ ಅನಾಥರಿಗೂ ಅನ್ನವನ್ನೂ ವಿದ್ಯೆಯನ್ನೂ ಕೊಡುತ್ತ, ಶಿಷ್ಯರ ಸಮೂಹವನ್ನು ಕಟ್ಟಿಕೊಂಡು ಊರೂರು ಸಂಚರಿಸಿ, ಕೊನೆಗೆ ಗದುಗಿನಲ್ಲಿ ನೆಲೆನಿಂತರು. ಅವರ ತರುವಾಯ ಈ ಭಾರವನ್ನು ಹೊತ್ತ ಪುಟ್ಟರಾಜ ಗವಾಯಿಗಳು (1914–2010) ಕೂಡ ದೃಷ್ಟಿಹೀನರೇ. ಹಲವು ವಾದ್ಯಗಳನ್ನು ಬಲ್ಲವರು, ನಾಟಕಗಳನ್ನು ರಚಿಸಿ ನಾಟಕ ಕಂಪನಿಯ ಆದಾಯದಿಂದ ಆಶ್ರಮವನ್ನು ಸಲಹಿದವರು. ಬಸವರಾಜ ರಾಜಗುರುಗಳಂಥ ಗಾಯಕರು ಈ ಪರಂಪರೆಯಿಂದ ಬಂದರು. ಭೀಮಸೇನ ಜೋಶಿಯವರು 1922ರಲ್ಲಿ ಜನಿಸಿದ್ದೂ ಈ ಗದುಗಿನಲ್ಲಿಯೇ. ಆಶ್ರಮದ ಜಗಲಿಯ ಒಂದು ಮೂಲೆಯಲ್ಲಿ ತಬಲಾ, ಇನ್ನೊಂದರಲ್ಲಿ ಹಾರ್ಮೋನಿಯಮ್ಮು, ಒಳಗೆಲ್ಲೋ ಒಬ್ಬ ಬಾಲಕ ಒಂದೇ ಪಲುಕನ್ನು ಗುರುವು ಒಪ್ಪುವವರೆಗೂ ಮತ್ತೆ ಮತ್ತೆ ಹಾಡುತ್ತಿರುತ್ತಾನೆ. ಯುರೋಪಿನ ಯಾವ ರಾಜಧಾನಿಯಲ್ಲಿ ಕೇಳಿದ ಕಚೇರಿಗಿಂತಲೂ ಈ ಅಭ್ಯಾಸದ ಸದ್ದು ನನ್ನ ಮನಸ್ಸನ್ನು ಹೆಚ್ಚು ಕಲಕಿತೆಂದು ಹೇಳುವುದಕ್ಕೆ ನನಗೆ ಸಂಕೋಚವಿಲ್ಲ.

ಗದುಗಿನಿಂದ ಕೊಪ್ಪಳದ ಹೆದ್ದಾರಿಯಲ್ಲಿ ಸುಮಾರು 12 ಕಿಲೋಮೀಟರು ಹೋದರೆ ಲಕ್ಕುಂಡಿ. ಪ್ರಾಚೀನ ಶಾಸನಗಳ ಲೊಕ್ಕಿಗುಂಡಿ. ನೂರೊಂದು ಗುಡಿ, ನೂರೊಂದು ಬಾವಿಗಳ ಊರೆಂದು ಜನ ಇದನ್ನು ವರ್ಣಿಸುತ್ತಾರೆ. ಬಾದಾಮಿಯ ಕಾಲದ ಮರಳುಗಲ್ಲನ್ನು ಬಿಟ್ಟು, ನುಣುಪಾದ ಬಳಪದ ಕಲ್ಲನ್ನು ಶಿಲ್ಪಿಗಳು ಕೈಗೆತ್ತಿಕೊಂಡ ಮೇಲೆ ಉಳಿಯು ಎಷ್ಟು ಸೂಕ್ಷ್ಮಕ್ಕೆ ಇಳಿಯಬಲ್ಲದೆಂಬುದನ್ನು ತಿಳಿಯಬೇಕಾದರೆ ಇಲ್ಲಿಯ ಕಾಶೀವಿಶ್ವೇಶ್ವರನ ದ್ವಾರಬಂಧದ ಮುಂದೆ ನಿಲ್ಲಬೇಕು. ಆ ಶಿವಾಲಯಕ್ಕೆ ಎದುರಾಗಿ, ಅದನ್ನೇ ನೋಡುತ್ತ, ಸೂರ್ಯನ ಗುಡಿಯೊಂದಿದೆ. ಊರೊಳಗೆ ಇನ್ನಷ್ಟು ನಡೆದರೆ ಮಾಣಿಕೇಶ್ವರನ ಗುಡಿಯೂ ಅದರ ಮಗ್ಗುಲಲ್ಲಿ, ಮೆಟ್ಟಿಲುಗಳ ನಡುವೆ ಪುಟ್ಟ ಪುಟ್ಟ ಗೂಡುಗುಡಿಗಳನ್ನು ಹೊಂದಿದ ಮುಸುಕಿನ ಬಾವಿಯೂ ಸಿಗುತ್ತವೆ.

ಆದರೆ ಲಕ್ಕುಂಡಿಯಲ್ಲಿ ನಾನು ಶಿರಬಾಗುವುದು ಬ್ರಹ್ಮ ಜಿನಾಲಯದ ಮುಂದೆ. ಇದನ್ನು ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ; ಶಾಸನದ ಕಾಲ 1007. ಅಚ್ಚಿನ ಯಂತ್ರವಿಲ್ಲದ ದಿನಗಳಲ್ಲಿ, ತಾಳೆಗರಿಯ ಮೇಲೆ ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕಾಗಿದ್ದ ಕಾಲದಲ್ಲಿ, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಮಹಾತಾಯಿ ಅವಳು, ರನ್ನನು 993ರಲ್ಲಿ ‘ಅಜಿತಪುರಾಣ’ವನ್ನು ಬರೆದದ್ದೂ ಅವಳ ಆಶ್ರಯದಲ್ಲಿ. ಸಾವಿರ ಪ್ರತಿಗಳೆಂದರೆ ಎಷ್ಟು ಲಿಪಿಕಾರರು, ಎಷ್ಟು ಗರಿಗಳು, ಎಷ್ಟು ವರ್ಷಗಳ ಶ್ರಮ ಎಂಬುದನ್ನು ಆ ಜಿನಾಲಯದ ಕಟ್ಟೆಯ ಮೇಲೆ ಕುಳಿತು ಒಮ್ಮೆ ಯೋಚಿಸಬೇಕು. ಪಕ್ಕದಲ್ಲಿಯೇ ಪುರಾತತ್ತ್ವ ಇಲಾಖೆಯ ಶಿಲ್ಪಸಂಗ್ರಹಾಲಯವಿದೆ. ಈಚಿನ ವರ್ಷಗಳಲ್ಲಿ ಊರಿನ ಮನೆ, ಹಿತ್ತಿಲು, ಬೀದಿಗಳಲ್ಲಿ ಚೆದರಿದ್ದ ಶಿಲ್ಪಗಳನ್ನೂ ಶಾಸನಗಳನ್ನೂ ಗ್ರಾಮಸ್ಥರೇ ತಂದೊಪ್ಪಿಸುವಂಥ ಸಂಗ್ರಹಕಾರ್ಯ ನಡೆದು, ಬಯಲು ವಸ್ತುಸಂಗ್ರಹಾಲಯದ ಯೋಜನೆಯೂ ರೂಪುಗೊಂಡಿರುವುದು ಸಂತೋಷದ ಸಂಗತಿ. ಲಕ್ಕುಂಡಿ, ಗದಗ, ಡಂಬಳಗಳ ಗುಡಿಗಳನ್ನು ಅಳೆದು, ಚಿತ್ರಿಸಿ, ಹೆನ್ರಿ ಕೌಸೆನ್ಸನು 1926ರಲ್ಲಿ ಚಾಲುಕ್ಯ ವಾಸ್ತುವನ್ನು ಕುರಿತ ತನ್ನ ಬೃಹದ್ಗ್ರಂಥವನ್ನು ಪ್ರಕಟಿಸಿದನು. ಅದಕ್ಕೂ ಮೊದಲು, 1866ರಲ್ಲಿಯೇ, ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪದ ಛಾಯಾಚಿತ್ರಗಳ ಸಂಪುಟವೊಂದು ಲಂಡನ್ನಿನಲ್ಲಿ ಅಚ್ಚಾಗಿತ್ತು. ಅಲ್ಲಿಯ ಓದುಗರು ನಮ್ಮ ಗುಡಿಗಳ ಚಿತ್ರಗಳನ್ನು ಅಷ್ಟು ಹಿಂದೆಯೇ ಕುತೂಹಲದಿಂದ ನೋಡುತ್ತಿದ್ದರು.

ಮುಂಡರಗಿಯ ದಾರಿಯಲ್ಲಿ ಡಂಬಳ. ಇಲ್ಲಿಯ ದೊಡ್ಡಬಸಪ್ಪನ ಗುಡಿಯ ಸುತ್ತ ಪ್ರದಕ್ಷಿಣೆ ಹಾಕುವಾಗ ಸಪಾಟಾದ ಗೋಡೆಯೆಂಬುದೇ ಕಾಣುವುದಿಲ್ಲ. ಮೂಲೆಯ ಮೇಲೆ ಮೂಲೆ, ನೆರಳಿನ ಮೇಲೆ ಬೆಳಕು. ನಮ್ಮಲ್ಲಿದ್ದ ಎಂಜಿನಿಯರ್ ಮಿತ್ರರು ಅಲ್ಲಿಯೇ ನೆಲದ ಮೇಲೆ ಕುಳಿತು ತಮ್ಮ ಪುಸ್ತಕದಲ್ಲಿ ಒಂದು ಚೌಕವನ್ನು ಬರೆದು, ಅದರ ಕೇಂದ್ರವನ್ನು ಕದಲಿಸದೆ 15 ಅಂಶದಷ್ಟು ತಿರುಗಿಸಿ ಇನ್ನೊಂದನ್ನು ಬರೆದು, ಹೀಗೆಯೇ ಆರು ಚೌಕಗಳನ್ನು ಪೂರೈಸಿದಾಗ 24 ಮೂಲೆಗಳ ನಕ್ಷತ್ರವೊಂದು ಮೂಡಿತು. ಗುಡಿಯ ತಳವಿನ್ಯಾಸ ಅದೇ. ಇದೇ ಊರಿನ 1095ರ ಶಾಸನವು, ಧರ್ಮವೊಳಲೆಂಬ ಹೆಸರಿದ್ದ ಈ ಪಟ್ಟಣದಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನೂ ತಾರಾದೇವಿಯ ಆರಾಧನೆಯನ್ನೂ ಉಲ್ಲೇಖಿಸುತ್ತದೆ. ಕರ್ನಾಟಕದಲ್ಲಿ ಬೌದ್ಧಧರ್ಮವು ಅಷ್ಟು ತಡವಾಗಿಯೂ ಉಸಿರಾಡುತ್ತಿದ್ದುದಕ್ಕೆ ಇದು ಅಪೂರ್ವ ಸಾಕ್ಷಿ. ಮುಂಡರಗಿಯ ಹೆಸರು ಇತಿಹಾಸದಲ್ಲಿ ನಿಂತಿರುವುದು ಭೀಮರಾಯನಿಂದ. 1858ರಲ್ಲಿ ಹಮ್ಮಿಗಿಯ ಕೆಂಚನಗೌಡನೊಡನೆ ಇಂಗ್ಲಿಷರ ವಿರುದ್ಧ ಎದ್ದ ಆ ವೀರನು ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದನು. ಮುಂಡರಗಿಯಲ್ಲಿ ಬೆಳಗಿನ ಉಪಾಹಾರಕ್ಕೆ ಚುರುಮುರಿಯ ಒಗ್ಗರಣಿ, ಜೊತೆಗೆ ಬಿಸಿ ಮಿರ್ಚಿ; ಅದನ್ನು ಕೊಡುವ ಅಂಗಡಿಯ ಕಟ್ಟೆಯ ಮೇಲೆ ಭೀಮರಾಯನ ಕಥೆಯನ್ನು ಹೇಳುವ ಹಿರಿಯರು ಈಗಲೂ ಇದ್ದಾರೆ.

ದಿಕ್ಕು ಬದಲಿಸಿ ಗದುಗಿನಿಂದ ಲಕ್ಷ್ಮೇಶ್ವರದ ಬಸ್ಸು ಹತ್ತಿದರೆ ಕನ್ನಡದ ತಿರುಳನ್ನೇ ಹೊಕ್ಕಂತಾಗುತ್ತದೆ. ಇದು ಹಳೆಯ ಪುಲಿಗೆರೆ. ಪುಲಿಗೆರೆ ಮುನ್ನೂರರ ರಾಜಧಾನಿ. ಕಿಸುವೊಳಲು, ಕೊಪಣ, ಒಂಕುಂದಗಳೊಡನೆ ಈ ಪುಲಿಗೆರೆಯ ನಡುವಣ ನಾಡೇ ಕನ್ನಡದ ತಿರುಳೆಂದು ‘ಕವಿರಾಜಮಾರ್ಗ’ವು ಗುರುತಿಸಿತು, ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಪಂಪನು ಹೆಮ್ಮೆಯಿಂದ ಹೇಳಿಕೊಂಡನು. ಎತ್ತರದ ಪ್ರಾಕಾರದೊಳಗಿನ ಸೋಮನಾಥನ ಗುಡಿಯಲ್ಲಿ ಲಿಂಗದ ಬದಲಿಗೆ ನಂದಿಯ ಮೇಲೆ ಕುಳಿತ ಶಿವಪಾರ್ವತಿಯರ ಮೂರ್ತಿಯಿದೆ. ಆದಯ್ಯನೆಂಬ ಶರಣನು ಸೌರಾಷ್ಟ್ರದಿಂದ ಸೋಮನಾಥನನ್ನು ಇಲ್ಲಿಗೆ ತಂದ ಕಥೆಯನ್ನು ಹರಿಹರ, ರಾಘವಾಂಕರು ಹೇಳಿದ್ದಾರೆ. ಇನ್‌ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಈ ಗುಡಿಯ ಜೀರ್ಣೋದ್ಧಾರವಾಗಿ, ಈಗ ಪುಲಿಗೆರೆ ಉತ್ಸವವೂ ಇಲ್ಲಿ ನಡೆಯುತ್ತದೆ. ಶಂಖ ಬಸದಿಯೊಳಗೆ ಸಹಸ್ರಕೂಟ ಜಿನಬಿಂಬವಿದೆ: ಒಂದೇ ಶಿಲೆಯ ಮೈತುಂಬ ಬೆರಳುದ್ದದ ತೀರ್ಥಂಕರರು ಸಾಲುಸಾಲಾಗಿ ಕುಳಿತಿದ್ದಾರೆ. ಅಲ್ಲಿಂದ ಆದಿಲಶಾಹಿ ಕಾಲದ ಜುಮ್ಮಾ ಮಸೀದಿಗೆ ನಡೆದೇ ಹೋಗಬಹುದು. ಶೈವ, ಜೈನ, ಇಸ್ಲಾಮಿನ ಶಿಲ್ಪಗಳನ್ನು ಒಂದೇ ಮುಂಜಾನೆಯಲ್ಲಿ, ಅವು ಹುಟ್ಟಿದ ನೆಲದ ಮೇಲೆಯೇ, ಪೂಜೆ ಪ್ರಾರ್ಥನೆಗಳು ನಡೆಯುತ್ತಿರುವಂತೆಯೇ ನೋಡುವ ಭಾಗ್ಯವನ್ನು ಪಶ್ಚಿಮದ ಸಂಗ್ರಹಾಲಯಗಳು ಕೊಡಲಾರವು. ಅಲ್ಲಿ ವಸ್ತುವಿದೆ, ವಿವರಣೆಯಿದೆ, ಬೆಳಕಿನ ವ್ಯವಸ್ಥೆಯಿದೆ, ಆದರೆ ದೇವರಿಗೆ ಎಣ್ಣೆ ತರುವ ಮುದುಕಿ ಇಲ್ಲ.

ಶಿರಹಟ್ಟಿಯು ಹತ್ತಿರದ ಊರು. ಅಲ್ಲಿಯ ಫಕೀರೇಶ್ವರ ಮಠದ ಮೂಲಪುರುಷರಿಗೆ ವಿಜಯಪುರದ ಖ್ವಾಜಾ ಅಮೀನುದ್ದೀನರ ಅನುಗ್ರಹವಾಗಿತ್ತೆಂದು ಪರಂಪರೆ. ಪೀಠಾಧಿಪತಿಗಳ ಹೆಸರಿನಲ್ಲಿ ಇಂದಿಗೂ ಫಕೀರ ಶಬ್ದವು ಕೂಡಿಯೇ ಬರುತ್ತದೆ, ಜಾತ್ರೆಯಲ್ಲಿ ಎರಡು ಮತದವರೂ ಕೂಡಿಯೇ ತೇರನ್ನು ಎಳೆಯುತ್ತಾರೆ. ಇದೇ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬಂದಿಳಿಯುತ್ತವೆ. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳು. ಆ ಗುರುತಿನಿಂದ ಮಕ್ಕಳೂ ಅವನ್ನು ಗುರುತಿಸಬಲ್ಲರು. ನೀರಿನ ಮೇಲೆ ವಿಶ್ರಮಿಸಿ, ಸುತ್ತಣ ಹೊಲಗಳಲ್ಲಿ ಮೇದು, ಮತ್ತೆ ಕೆರೆಗೆ ಮರಳುವ ಈ ಅತಿಥಿಗಳಿಗೆ ಒಕ್ಕಲಿಗರು ತೋರುವ ತಾಳ್ಮೆ ದೊಡ್ಡದು. 2024ರಲ್ಲಿ ಈ ಕೆರೆಯು ಅಂತಾರಾಷ್ಟ್ರೀಯ ಮಹತ್ತ್ವದ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು.

ಇಷ್ಟನ್ನೂ ಹೇಳಿದ ಮೇಲೆ ಕೊರತೆಗಳನ್ನು ಮುಚ್ಚಿಡುವುದು ಸಲ್ಲದು. ಹಲವು ಸ್ಮಾರಕಗಳ ಮುಂದಿನ ಫಲಕಗಳು ಕಾಯಿದೆಯ ಎಚ್ಚರಿಕೆಯನ್ನಷ್ಟೇ ಹೇಳುತ್ತವೆ. ಮುಂದಿರುವುದು ಏನು, ಯಾರು ಕಟ್ಟಿಸಿದರು, ಎಲ್ಲಿ ನಿಂತು ನೋಡಬೇಕು ಎಂಬುದನ್ನು ಹೇಳುವುದಿಲ್ಲ. ಪಶ್ಚಿಮದವರಿಂದ ನಾವು ಕಲಿಯತಕ್ಕದ್ದು ಈ ವಿವರಣೆಯ ಕಲೆಯನ್ನು. ಒಂದು ಕಲ್ಲಿನ ಪಕ್ಕದಲ್ಲಿ ಸರಳವಾದ ಕನ್ನಡದಲ್ಲಿ ಬರೆದ ಐದು ಸಾಲುಗಳು ಶಾಲೆಯ ಮಕ್ಕಳಿಗೆ ಮಾಡುವ ಉಪಕಾರ ಅಷ್ಟಿಷ್ಟಲ್ಲ. ಕಡಿಮೆ ಬೆಲೆಯ ಸ್ವಚ್ಛವಾದ ತಂಗುದಾಣಗಳು, ಮುಖ್ಯವಾಗಿ ಹೆಣ್ಣುಮಕ್ಕಳ ಗುಂಪುಗಳು ನಿಶ್ಚಿಂತೆಯಿಂದ ಇಳಿದುಕೊಳ್ಳಬಹುದಾದಂಥವು, ಚಿಕ್ಕ ಊರುಗಳಲ್ಲಿ ಇನ್ನೂ ಸಾಲವು. ಆ ಕಾರಣದಿಂದ ಗದುಗಿನಲ್ಲಿಯೇ ಬಿಡಾರ ಮಾಡಿಕೊಂಡು, ದಿನಕ್ಕೊಂದು ದಿಕ್ಕಿಗೆ ಹೋಗಿಬರುವುದು ಸದ್ಯಕ್ಕೆ ಅನುಕೂಲ.

ಹೊರಡುವವರಿಗೆ ನನ್ನ ಸಲಹೆಗಳು ಕೆಲವೇ. ಬೇಸಿಗೆಯ ಬಿಸಿಲು ಇಲ್ಲಿ ಕಠೋರ. ಡಿಸೆಂಬರ್, ಜನವರಿಗಳಲ್ಲಿ ಬಂದರೆ ನಡಿಗೆಯೂ ಹಿತ, ಮಾಗಡಿಯ ಹಕ್ಕಿಗಳೂ ಕಾಣಸಿಗುತ್ತವೆ. ಹೊರಡುವ ಮೊದಲು ಕುಮಾರವ್ಯಾಸನ ಒಂದು ಸಂಧಿಯನ್ನಾದರೂ ಗಟ್ಟಿಯಾಗಿ ಓದಿಕೊಳ್ಳಿರಿ. ಗುಂಪು ದೊಡ್ಡದಾಗದಿರಲಿ; ಖಾನಾವಳಿಯ ಒಂದು ಬೆಂಚಿನಲ್ಲಿ ಹಿಡಿಸುವಷ್ಟು ಜನ ಸಾಕು. ಶಿಲ್ಪಗಳ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ಸುಮ್ಮನಿರದೆ ತಡೆಯಿರಿ. ಹುಬ್ಬಳ್ಳಿಯಿಂದ ಗದಗಕ್ಕೆ ರೈಲೂ ಬಸ್ಸೂ ದಿನವಿಡೀ ಇವೆ.